ಎಲೆಗೆ ಹೊಡೆದ ಔಷಧಿ ಬಿಸಿಲನ್ನು ತಡೆಯುತ್ತದೆಯೇ?



2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಅದರ ಮುಂದಿನ ಬೇಸಿಗೆ, ಅಂದರೆ 2024ರ ಏಪ್ರಿಲ್ ತಿಂಗಳಲ್ಲಿ, ನಾವು ತೆರಕಣಾಂಬಿ ಹೋಬಳಿಯ ಒಂದು ಊರಿಗೆ ಸಂಘದ ಸಭೆಗೆ ಹೋಗಿದ್ದೆವು. ಸಭೆ ಮುಗಿದ ಮೇಲೆ ಸಂಘದ ಸದಸ್ಯೆಯೊಬ್ಬರು ನಮ್ಮನ್ನು ತಮ್ಮ ಬಾಳೆ ತೋಟಕ್ಕೆ ಕರೆದುಕೊಂಡು ಹೋದರು. ಅರ್ಧ ಎಕರೆ ಏಲಕ್ಕಿ ಬಾಳೆ. ಎಲೆಗಳ ಮೇಲೆಲ್ಲ ಕಂದು ಮಚ್ಚೆ, ಅಂಚು ಸುಟ್ಟು ಕರಕಲು. "ಔಷ್ದಿ ಹೊಡದ್ರ ಗಿಡ ಬಿಸ್ಲು ತಡ್ಕತದ ಅಂದ್ರು ಸಿಸ್ಟರ್. ಈಗ ನೋಡಿ, ಬಿಸ್ಲಲ್ಲಿ ಒಣಗಕ್ಕಿಂತ ಮುಂಚೆನೇ ಔಷ್ದಿಲಿ ಸುಟ್ಟೋಗದ" ಎಂದರು. ಆ ಔಷಧಿಗೆ ಅವರು ಸಂಘದಿಂದ ಆರು ಸಾವಿರ ರೂಪಾಯಿ ಸಾಲ ತೆಗೆದಿದ್ದರು. ಡಬ್ಬಿ ತೋರಿಸಿದರು. ಮೇಲೆ ಹಸಿರು ಎಲೆಯ ಚಿತ್ರ, ಸೂರ್ಯನ ಚಿತ್ರ. ಒಳಗೆ ಏನಿದೆ ಎಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಯಾವ ಹೊತ್ತಿನಲ್ಲಿ ಹೊಡೆದಿರಿ ಎಂದು ಕೇಳಿದೆವು. ಮಧ್ಯಾಹ್ನ ಒಂದು ಗಂಟೆಗೆ. ಆ ವಾರ ಮೂರು ಫೇಸ್ ಕರೆಂಟ್ ಬರುತ್ತಿದ್ದದ್ದು ಹಗಲಿನ ಪಾಳಿಯಲ್ಲಿ. ತೊಟ್ಟಿಗೆ ನೀರು ತುಂಬಿದ್ದು ಹನ್ನೆರಡರ ಮೇಲೆ. ಕೂಲಿಯಾಳು ಸಿಕ್ಕಿದ್ದೂ ಆಗಲೇ. ನಾವು ಹಿಂದಿನ ತರಬೇತಿಯಲ್ಲಿ "ಬೆಳಿಗ್ಗೆ ಒಂಬತ್ತರೊಳಗೆ ಸಿಂಪಡಿಸಿ" ಎಂದು ಹೇಳಿಕೊಟ್ಟಿದ್ದು ನಿಜ. ಆದರೆ ನಿಮ್ಮೂರಲ್ಲಿ ಕರೆಂಟ್ ಯಾವಾಗ ಬರುತ್ತದೆ ಎಂದು ನಾವು ಕೇಳಿರಲಿಲ್ಲ. ಅದು ನಮ್ಮ ತಪ್ಪು. ಈ ಲೇಖನ ಬರೆಯಬೇಕು ಅನ್ನಿಸಿದ್ದು ಅಂದೇ.

ಎಲೆ ಬಿಸಿಲಲ್ಲಿ ಏನು ಮಾಡುತ್ತದೆ?

ಗಿಡ ಬೇರಿನಿಂದ ಎಳೆದುಕೊಳ್ಳುವ ನೀರಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗಿಂತ ಹೆಚ್ಚು ಎಲೆಯ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಇದು ದಂಡ ಎಂದು ನಮಗೆ ಕಾಣಬಹುದು. ದಂಡವಲ್ಲ. ನಮಗೆ ಬೆವರು ಹೇಗೋ ಎಲೆಗೆ ಈ ಆವಿ ಹಾಗೆ. ಎಲೆ ತಣ್ಣಗಿರುವುದೇ ಇದರಿಂದ. ಎಲೆಯ ಮೇಲೆ, ಹೆಚ್ಚಾಗಿ ತಳಭಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಪುಸ್ತಕದಲ್ಲಿ ಪತ್ರರಂಧ್ರ ಎನ್ನುತ್ತಾರೆ. ನೀರು ಹೊರಗೆ ಹೋಗುವುದೂ, ಗಿಡಕ್ಕೆ ಬೇಕಾದ ಗಾಳಿ ಒಳಗೆ ಬರುವುದೂ ಇದೇ ಬಾಯಿಯಿಂದ. ಮಣ್ಣಿನಲ್ಲಿ ನೀರು ಕಡಿಮೆಯಾದರೆ ಗಿಡ ಈ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಸರಿ. ಆದರೆ ಬೆವರು ನಿಂತಿತಲ್ಲ, ಎಲೆ ಕಾಯಲು ಶುರುವಾಗುತ್ತದೆ, ಸುತ್ತಲಿನ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಒಳಗೆ ಗಾಳಿಯೂ ಬಾರದೆ ಅಡುಗೆ ನಿಲ್ಲುತ್ತದೆ. ಮಧ್ಯಾಹ್ನ ಬಾಳೆ ಎಲೆಯ ಎರಡು ಮಗ್ಗುಲೂ ನಡುದಿಂಡಿನ ಕಡೆಗೆ ಮಡಿಚಿ ಇಳಿಬಿದ್ದಿರುವುದನ್ನು ನೀವೆಲ್ಲ ನೋಡಿದ್ದೀರಿ. ಗಿಡ ಬಿಸಿಲಿಗೆ ಮೈ ಕಡಿಮೆ ಒಡ್ಡಿಕೊಳ್ಳುವ ಉಪಾಯ ಅದು. ಸಂಜೆಗೆ ಬಿಚ್ಚಿಕೊಂಡರೆ ಭಯವಿಲ್ಲ. ಬೆಳಿಗ್ಗೆ ಏಳು ಗಂಟೆಗೂ ಎಲೆ ಮಡಿಚಿಕೊಂಡೇ ಇದ್ದರೆ ಬೇರಿಗೆ ನೀರಿಲ್ಲ ಎಂದು ಅರ್ಥ. ಆಗ ಯಾವ ಡಬ್ಬಿಯೂ ಕೆಲಸಕ್ಕೆ ಬರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಆರು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 1200 ಬಾಳೆ. ಬೇಸಿಗೆಯಲ್ಲಿ ದೊಡ್ಡ ಗಿಡವೊಂದಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರ್ ಆಸುಪಾಸು ಬೇಕು. ಅಂದರೆ ಎಕರೆಗೆ ದಿನವೊಂದಕ್ಕೆ 24 ಸಾವಿರ ಲೀಟರ್, ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಸುಮಾರು ಐದು. ಸಿಂಪಡಣೆಗೆ ನಾವು ಬಳಸುವುದು ಎಕರೆಗೆ 200 ಲೀಟರ್. ಗಿಡಕ್ಕೆ ಹಂಚಿದರೆ ಒಂದೊಂದಕ್ಕೆ ಒಂದು ಸಣ್ಣ ಲೋಟ. ಎರಡು ಕೊಡ ನೀರು ಕೇಳುವ ಗಿಡಕ್ಕೆ ಒಂದು ಲೋಟ ಕೊಟ್ಟು ದಾಹ ತೀರಿತು ಎನ್ನಲಾಗುವುದಿಲ್ಲ. ಆದ್ದರಿಂದ ಸಿಂಪಡಣೆ ನೀರಿನ ಬದಲಿ ಅಲ್ಲ. ಇರುವ ಸ್ವಲ್ಪ ನೀರನ್ನು ಗಿಡ ಇನ್ನೊಂದು ವಾರ ಎಳೆಯುವಂತೆ ಮಾಡಬಲ್ಲುದು, ಅಷ್ಟೇ. ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಹೇಳಿದರೆ ನಂಬಬೇಡಿ.

ದ್ರಾಕ್ಷಿ ಸೀಮೆಯವರಿಂದ ಕಲಿಯುವುದು

ನಮ್ಮ ಗುಂಡ್ಲುಪೇಟೆ ಕಡೆ ದ್ರಾಕ್ಷಿ ದೊಡ್ಡ ಬೆಳೆಯಲ್ಲ. ಬಾಳೆ, ಟೊಮ್ಯಾಟೊ, ಬೀನ್ಸ್, ಅರಿಶಿನ, ಸಣ್ಣ ಈರುಳ್ಳಿ, ಚೆಂಡುಹೂವು, ಸೂರ್ಯಕಾಂತಿ ನಮ್ಮವು. ಆದರೂ ಬಿಸಿಲಿನ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲವರು ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರು. ಅಲ್ಲಿ ಹಣ್ಣು ಕೊಯ್ದ ಮೇಲೆ ಏಪ್ರಿಲ್ ಹೊತ್ತಿಗೆ ಬಳ್ಳಿಯನ್ನು ಕತ್ತರಿಸುತ್ತಾರೆ. ಅವರ ಮಾತಿನಲ್ಲಿ ಏಪ್ರಿಲ್ ಚಾಟ್ನಿ. ಮತ್ತೊಮ್ಮೆ ಅಕ್ಟೋಬರ್ ಸುಮಾರಿಗೆ ಕತ್ತರಿಸಿದಾಗ ಗೊಂಚಲು ಬರುತ್ತದೆ. ಆದರೆ ಆ ಗೊಂಚಲಿನ ಮೊಗ್ಗು ಒಳಗೊಳಗೇ ಕಟ್ಟುವುದು ಏಪ್ರಿಲ್ ಚಾಟ್ನಿಯ ನಂತರ ಒಂದೂವರೆ, ಎರಡು ತಿಂಗಳಲ್ಲಿ, ಅಂದರೆ ನಲವತ್ತು ಡಿಗ್ರಿ ದಾಟುವ ಬಿಸಿಲಲ್ಲಿ, ಬೋರ್‌ವೆಲ್ ಸೊರಗಿರುವ ಕಾಲದಲ್ಲಿ. ಆಗ ಚಿಗುರು ಸೊರಗಿದರೆ ಪೆಟ್ಟು ತಿಳಿಯುವುದು ಮುಂದಿನ ಸುಗ್ಗಿಯಲ್ಲಿ. ಅದಕ್ಕೇ ಬರದ ವರ್ಷಗಳಲ್ಲಿ ಅವರು ಟ್ಯಾಂಕರಿನಲ್ಲಿ ನೀರು ತರಿಸಿ ಬಳ್ಳಿ ಉಳಿಸಿಕೊಂಡಿದ್ದಾರೆ.

ಅವರು ಮಾಡುವುದರಲ್ಲಿ ಸಿಂಪಡಣೆ ಕೊನೆಯ ಸಾಲಿನದು. ಮೊದಲನೆಯದು ಬೇರು: ಬರ ಮತ್ತು ಉಪ್ಪು ನೀರು ತಡೆಯುವ ಡಾಗ್‌ರಿಡ್ಜ್ ಎಂಬ ಕಾಡುಜಾತಿಯ ಬೇರುಸಸಿಯ ಮೇಲೆ ಕಸಿ ಕಟ್ಟುತ್ತಾರೆ. ಎರಡನೆಯದು ಹನಿ ನೀರಾವರಿ. ಮೂರನೆಯದು ಬುಡಕ್ಕೆ ಕಬ್ಬಿನ ಸಿಪ್ಪೆ, ರವದಿ ಹೊದಿಸುವುದು. ಇವೆಲ್ಲ ಆದ ಮೇಲೆ ಎಲೆಗೆ ಪೊಟ್ಯಾಷ್, ಬಿಳಿ ಜೇಡಿ, ಆವಿ ತಡೆಯುವ ದ್ರಾವಣ ಇತ್ಯಾದಿ. ನಮ್ಮಲ್ಲಿ ಇದು ತಿರುಗುಮುರುಗಾಗಿದೆ. ಬುಡ ಬೆತ್ತಲೆ, ಎಲೆಗೆ ಔಷಧಿ.

ಯಾವುದು ಏನು ಮಾಡುತ್ತದೆ?

ಅಂಗಡಿಯಲ್ಲಿ ನೂರು ಹೆಸರಿದ್ದರೂ ಒಳಗಿನ ಸರಕು ನಾಲ್ಕೈದು ಬಗೆಯದು ಮಾತ್ರ.

ಬಿಳಿ ಜೇಡಿ, ಅಂದರೆ ಕೇಯೊಲಿನ್. ಪಿಂಗಾಣಿ ಪಾತ್ರೆ ಮಾಡುವ ನುಣುಪಾದ ಬಿಳಿ ಮಣ್ಣು. ನೀರಿಗೆ ಕಲಸಿ ಎಲೆಗೆ ಹೊಡೆದರೆ ತೆಳುವಾದ ಬಿಳಿ ಪದರ ಕೂರುತ್ತದೆ, ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಮನೆಯ ತಾರಸಿಗೆ ಸುಣ್ಣ ಬಳಿಯುವುದಿಲ್ಲವೇ, ಅದೇ ಲೆಕ್ಕ. ಎಲೆಯ ಬಿಸಿ ಕೆಲವು ಡಿಗ್ರಿ ಇಳಿಯುತ್ತದೆ, ಹಣ್ಣಿಗೆ ಬಿಸಿಲು ಸುಡುವುದು ಕಡಿಮೆಯಾಗುತ್ತದೆ. ಪೋರ್ಚುಗಲ್ ದೇಶದ ಡೌರೊ ಕಣಿವೆಯ ದ್ರಾಕ್ಷಿ ತೋಟಗಳಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಪ್ರಮಾಣ ಲೀಟರಿಗೆ 50 ಗ್ರಾಂ. 15 ಲೀಟರಿನ ಟ್ಯಾಂಕಿಗೆ ಮುಕ್ಕಾಲು ಕೆ.ಜಿ., ಎಕರೆಗೆ 200 ಲೀಟರ್ ನೀರಾದರೆ 10 ಕೆ.ಜಿ. ತೆಳು ಬಟ್ಟೆಯಲ್ಲಿ ಸೋಸಿ ಹಾಕಿ, ಇಲ್ಲವಾದರೆ ನಾಜಲ್ ಕಟ್ಟಿಕೊಳ್ಳುತ್ತದೆ. ತಳಕ್ಕೆ ಇಳಿಯುವ ಸರಕು, ಹೊಡೆಯುವಾಗ ಟ್ಯಾಂಕ್ ಅಲುಗಾಡಿಸುತ್ತಿರಬೇಕು. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸೊಪ್ಪು ತರಕಾರಿಗೆ, ಮಾರಾಟಕ್ಕೆ ಹತ್ತಿರ ಬಂದ ಹೂವು ಹಣ್ಣಿಗೆ ಬೇಡ. ಬಿಳಿ ಕಲೆ ಉಳಿದರೆ ಮಂಡಿಯಲ್ಲಿ ಬೆಲೆ ಮುರಿಯುತ್ತಾರೆ. ಮೋಡ ಮುಚ್ಚಿದ ದಿನಗಳಲ್ಲೂ ಬೇಡ, ಬೆಳಕೇ ಕಡಿಮೆ ಇರುವಾಗ ಅದಕ್ಕೂ ಪರದೆ ಎಳೆದಂತಾಗುತ್ತದೆ. ಮುಂಗಾರಿನ ಮೊದಲ ಮಳೆಗೆ ಇದು ತಾನೇ ತೊಳೆದುಹೋಗುತ್ತದೆ, ಅದೊಂದು ಅನುಕೂಲ. ಜೇಡಿಯ ಬದಲು ಸುಣ್ಣ ಕಲಸಿ ಎಲೆಗೆ ಹೊಡೆದವರಿದ್ದಾರೆ. ದಯವಿಟ್ಟು ಬೇಡ. ಸುಣ್ಣ ಮರದ ಕಾಂಡಕ್ಕೆ ಬಳಿಯಲು ಸರಿ, ಎಳೆ ಎಲೆಯನ್ನು ಅದು ಸುಡುತ್ತದೆ.

ಪೊಟ್ಯಾಷ್. ಎಲೆಯ ಆ ಸಣ್ಣ ಬಾಯಿಗಳು ತೆರೆದು ಮುಚ್ಚುವುದು ಪೊಟ್ಯಾಷಿಯಂ ಬಲದಿಂದ. ಅದು ಸಾಲದಿದ್ದರೆ ಬಾಯಿ ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ, ನೀರು ಸೋರುತ್ತದೆ. ನೀರಲ್ಲಿ ಕರಗುವ 13:0:45 ಅಥವಾ 0:0:50 ಗೊಬ್ಬರವನ್ನು ಲೀಟರಿಗೆ 5ರಿಂದ 10 ಗ್ರಾಂ ಹಾಕಿ ಸಿಂಪಡಿಸುತ್ತಾರೆ. ಬಿಸಿಲು ಜೋರಿದ್ದಾಗ 5 ಗ್ರಾಂನಿಂದಲೇ ಶುರುಮಾಡಿ. ಮಣ್ಣಿಗೆ ಹಾಕುವ ಕೆಂಪು ಪೊಟ್ಯಾಷ್ ಅಗ್ಗ ಎಂದು ಅದನ್ನೇ ಕರಗಿಸಿ ಹೊಡೆಯುವುದುಂಟು. ಅದರಲ್ಲಿ ಕ್ಲೋರೈಡ್ ಇದೆ. ದ್ರಾಕ್ಷಿಗೆ ಅದು ಆಗುವುದಿಲ್ಲ; ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಸೇರಿಸಿ ಬಿಸಿಲಲ್ಲಿ ಹೊಡೆದರೆ ಬೇರೆ ಬೆಳೆಯ ಎಲೆಯ ಅಂಚೂ ಸುಡಬಹುದು.

ಗುಲಾಬಿ ಬಣ್ಣದ ಒಂದು ಸೂಕ್ಷ್ಮಾಣುಜೀವಿಯ ದ್ರಾವಣವನ್ನು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯ ಬರ ತಡೆಯಲು ಶಿಫಾರಸು ಮಾಡುತ್ತದೆ. ಹೆಸರು ಪಿಪಿಎಫ್‌ಎಂ. ಸಹಜವಾಗಿ ಎಲೆಯ ಮೇಲೆಯೇ ಬದುಕುವ ಜೀವಿ ಇದು, ಎಲೆ ಹೊರಬಿಡುವ ಮೆಥನಾಲ್ ತಿಂದು ಬಾಳುತ್ತದೆ, ಪ್ರತಿಯಾಗಿ ಗಿಡಕ್ಕೆ ಬೆಳವಣಿಗೆಯ ಚೋದಕ ಕೊಡುತ್ತದೆ. ಎಕರೆಗೆ 500 ಮಿ.ಲೀ., 200 ಲೀಟರ್ ನೀರಿಗೆ. ಜೀವ ಇರುವ ಸರಕು, ಕೀಟನಾಶಕ, ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ಸಾಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಅರ್ಧ ದಿನ ಇಟ್ಟರೂ ಕೆಟ್ಟಿತೆಂದೇ ತಿಳಿಯಿರಿ.

ಮೇಣದಂಥ ಪದರ ಕಟ್ಟುವ ಆವಿತಡೆ ದ್ರಾವಣಗಳೂ ಇವೆ. ಅವು ಎಲೆಯ ಬಾಯಿಯನ್ನೇ ಮುಚ್ಚುವುದರಿಂದ ನೀರು ಉಳಿಯುತ್ತದೆ, ಬೆಳವಣಿಗೆಯೂ ನಿಲ್ಲುತ್ತದೆ. ಗಿಡ ಬದುಕಿದರೆ ಸಾಕು ಎನ್ನುವ ಸ್ಥಿತಿಯಲ್ಲಿ ಮಾತ್ರ ಇದರ ಕಡೆ ನೋಡಬೇಕು. ಕಡಲಪಾಚಿಯ ಸಾರ ಗಿಡಕ್ಕೆ ಸ್ವಲ್ಪ ಚೈತನ್ಯ ಕೊಡುತ್ತದೆ, ಅದರಿಂದ ಬರ ಗೆಲ್ಲಲಾಗದು.

ಇನ್ನು ಬಾಳೆ ಸ್ಪೆಷಲ್. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು, ಲೀಟರಿಗೆ 5 ಗ್ರಾಂ, ಜೊತೆಗೆ ನಿಂಬೆರಸ ಮತ್ತು ಒಂದು ಶ್ಯಾಂಪೂ ಪೊಟ್ಟಣ ಹಾಕಿ ಹೊಡೆಯುವುದು ನಿಮಗೆಲ್ಲ ಗೊತ್ತೇ ಇದೆ. ಒಳ್ಳೆಯ ಸರಕು. ಆದರೆ ಅದು ಸತು, ಬೋರಾನ್ ಮುಂತಾದ ಲಘು ಪೋಷಕಾಂಶಗಳ ಮಿಶ್ರಣ, ಬಿಸಿಲಿನ ಔಷಧಿ ಅಲ್ಲ. "ಸ್ಪೆಷಲ್ ಹೊಡ್ದಿವಿ, ನೀರು ಬುಡದಿದ್ರೂ ನಡೀತದ" ಎಂದು ಒಬ್ಬ ಯಜಮಾನರು ನಮಗೆ ಹೇಳಿದರು. ನಡೆಯುವುದಿಲ್ಲ ಸ್ವಾಮಿ.

ಹೊತ್ತು ಮತ್ತು ನೀರು

ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆ ಐದರ ಮೇಲೆ. ಬಿಸಿಲಲ್ಲಿ ಹೊಡೆದರೆ ಹನಿಯಲ್ಲಿರುವ ನೀರು ಎಲೆಯೊಳಗೆ ಇಳಿಯುವ ಮುಂಚೆಯೇ ಹಾರಿಹೋಗುತ್ತದೆ. ಲವಣ ಮಾತ್ರ ಎಲೆಯ ಮೇಲೆ ಉಳಿದು ಗಟ್ಟಿಯಾಗಿ ಸುಡುತ್ತದೆ. ನಾವು ನೋಡಿದ ತೋಟದಲ್ಲಿ ಆಗಿದ್ದೂ ಇದೇ ಇರಬೇಕು. ಕರೆಂಟ್ ಮಧ್ಯಾಹ್ನ ಬರುವ ವಾರ ಏನು ಮಾಡುವುದು? ಬಂದಾಗ ಒಂದು ಡ್ರಮ್ಮಿಗೆ 200 ಲೀಟರ್ ಹಿಡಿದಿಟ್ಟು ನೆರಳಲ್ಲಿ ಮುಚ್ಚಿಡಿ, ಮಾರನೇ ಬೆಳಿಗ್ಗೆ ಹೊಡೆಯಿರಿ. ಸಿಂಪಡಣೆಗೆ ಮೋಟಾರ್ ಬೇಕಿಲ್ಲ, ಬೆನ್ನಿನ ಸ್ಪ್ರೇಯರ್ ಸಾಕು. ಇಷ್ಟು ಸಣ್ಣ ವಿಷಯ ನಮಗೆ ಹೊಳೆಯಲು ಒಂದು ತೋಟ ಸುಡಬೇಕಾಯಿತು.

ಬಾಡಿದ ಗಿಡಕ್ಕೆ ಹೊಡೆಯಬೇಡಿ. ಮೊದಲು ಬುಡಕ್ಕೆ ಸ್ವಲ್ಪವಾದರೂ ನೀರು ಕೊಟ್ಟು, ಎಲೆ ಚೇತರಿಸಿಕೊಂಡ ಮೇಲೆ ಸಿಂಪಡಿಸಿ. ಪೊಟ್ಯಾಷ್, ಪಿಪಿಎಫ್‌ಎಂ ಎಲೆಯ ತಳಭಾಗಕ್ಕೂ ತಗಲಬೇಕು. ಬಿಳಿ ಜೇಡಿ ಮೇಲ್ಭಾಗಕ್ಕೆ ಸಾಕು. ಬೂದಿ ರೋಗಕ್ಕೆಂದು ಗಂಧಕ ಹೊಡೆಯುವವರು ಬಿಸಿಲು 35 ಡಿಗ್ರಿ ಮುಟ್ಟುವ ದಿನಗಳಲ್ಲಿ ಅದನ್ನು ನಿಲ್ಲಿಸಿ, ಎಣ್ಣೆ ಸಿಂಪಡಣೆಗೂ ಇದೇ ಮಾತು. ಕಳೆನಾಶಕ ಹೊಡೆದ ಟ್ಯಾಂಕನ್ನು ಬೇರೆಯೇ ಇಡಿ. 2,4-ಡಿ ಎಂಬ ಕಳೆನಾಶಕದ ಕಿಂಚಿತ್ ಶೇಷವಿದ್ದರೂ ದ್ರಾಕ್ಷಿ, ಟೊಮ್ಯಾಟೊ, ಹತ್ತಿ ಎಲೆಗಳು ಮುರುಟಿಹೋಗುತ್ತವೆ. ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿಬಂದರೂ ಸಾಕು.

ಒಂದು ಮಾತು ಗಂಡಸರಿಗೆ. ಆ 200 ಲೀಟರ್ ನೀರನ್ನು ಹೊತ್ತು ತರುವವರು ಯಾರು? ನಾವು ಹೋದ ಕಡೆಯೆಲ್ಲ ನೋಡಿದ್ದೇವೆ: ಸ್ಪ್ರೇಯರ್ ಹೊರುವವರು ನೀವು, ತೊಟ್ಟಿಯಿಂದ ಕೊಡದಲ್ಲಿ ನೀರು ತಂದು ಸುರಿಯುವವರು, ಪುಡಿ ಕೈಯಲ್ಲಿ ಕಲಸುವವರು ಹೆಂಗಸರು. ಕೂಲಿಯ ಲೆಕ್ಕದಲ್ಲಿ ಸಿಂಪಡಿಸಿದವರಿಗೆ ದುಡ್ಡುಂಟು, ನೀರು ಹೊತ್ತದ್ದಕ್ಕೆ ಲೆಕ್ಕವಿಲ್ಲ. ಬೇಸಿಗೆಯಲ್ಲಿ ಮನೆಗೆ ಕುಡಿಯುವ ನೀರೂ ಅದೇ ಹೆಂಗಸಿನ ತಲೆಯ ಮೇಲೆಯೇ ಬರುತ್ತದೆ. ತೋಟಕ್ಕೆ ಸಿಂಪಡಣೆಯ ಖರ್ಚು ಬರೆಯುವಾಗ ಈ ದುಡಿಮೆಯನ್ನೂ ಬರೆಯಿರಿ.

ಔಷಧಿಗೆ ಸಾಲ ತೆಗೆಯುವ ಮುಂಚೆ ಬಿಟ್ಟಿಯಾಗಿ ಆಗುವ ಕೆಲಸಗಳಿವೆ. ಒಣಗಿದ ಬಾಳೆ ಎಲೆ, ಕತ್ತರಿಸಿದ ದಿಂಡು, ತೆಂಗಿನ ಗರಿ ಬುಡಕ್ಕೆ ಹೊದಿಸಿ, ಬದುವಿನಲ್ಲಿ ಸುಡಬೇಡಿ. ತಾಯಿ ಗಿಡದ ಸುತ್ತ ಎದ್ದ ಮರಿಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ತೆಗೆಯಿರಿ, ಒಂದೊಂದು ಮರಿಯೂ ನೀರು ಕುಡಿಯುವ ಬಾಯಿ. ಗೊನೆಗೂ ಗೊನೆಯ ದಂಟಿಗೂ ಒಣ ಎಲೆ ಮುಚ್ಚಿ ಕಟ್ಟಿ, ದಂಟು ಬಿಸಿಲಿಗೆ ಸುಟ್ಟರೆ ಗೊನೆ ಕಾಯುವ ಮುಂಚೆ ಮುರಿಯುತ್ತದೆ. ಬಿಸಿಗಾಳಿ ಬೀಸುವ ಮಗ್ಗುಲಿಗೆ ಅಗಸೆ ಸಾಲು ಹಾಕಿ. ಕಾಡಂಚಿನ ಊರಿನವರು ಈ ಕಡೆ ಆನೆಗೆ ಹೆದರಿ ಆ ಕಡೆ ಬಿಸಿಲಿಗೆ ಹೆದರಿ ಬಾಳೆ ಬೆಳೆಯುವುದು ನಮಗೆ ಗೊತ್ತು. ಆನೆಗೆ ನಮ್ಮ ಹತ್ತಿರ ಸಿಂಪಡಣೆ ಇಲ್ಲ.

ಡಬ್ಬಿ ಕೊಳ್ಳುವಾಗ

ಗಿಡಕ್ಕೆ ಚೈತನ್ಯ ಕೊಡುವ ಇಂಥ ಸರಕುಗಳನ್ನು ಜೈವಿಕ ಉತ್ತೇಜಕಗಳು ಎನ್ನುತ್ತಾರೆ. ಬಹಳ ಕಾಲ ಇವಕ್ಕೆ ಹೇಳುವವರು ಕೇಳುವವರು ಇರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಇವನ್ನು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ತಂದಿತು. ಹಾಗಾಗಿ ಡಬ್ಬಿಯ ಮೇಲೆ ಒಳಗೆ ಏನಿದೆ, ಎಷ್ಟಿದೆ, ಯಾವ ಬೆಳೆಗೆ, ಕೊನೆಯ ದಿನಾಂಕ ಯಾವುದು ಎಂದು ಕೇಳುವುದು ನಿಮ್ಮ ಹಕ್ಕು. ಬಿಲ್ಲು ಕೇಳಿ. "ಬಿಲ್ಲು ಯಾಕವ್ವ, ನಾನು ಇಲ್ವಾ" ಎಂದರೆ ಆ ಅಂಗಡಿಯಿಂದ ಎದ್ದುಬನ್ನಿ. ಬಿಲ್ಲು ಇಲ್ಲದೆ ದೂರು ಸಾಬೀತು ಮಾಡುವುದು ಕಷ್ಟ. ಆ ತಾಯಿಯ ಕೈಯಲ್ಲಿ ಡಬ್ಬಿ ಇತ್ತು, ಬಿಲ್ಲು ಇರಲಿಲ್ಲ.

ಸಂಘದಲ್ಲಿ ಸಿಂಪಡಣೆಗೆಂದು ಸಾಲ ಕೇಳಿದಾಗ ಪ್ರತಿನಿಧಿಗಳು ಲೇಬಲ್ ನೋಡಿಯೇ ಮಂಜೂರು ಮಾಡಲಿ. ಅನುಮಾನವಿದ್ದರೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಬಹುದು, ಇಲ್ಲವೇ 1800-180-1551 ಕಿಸಾನ್ ಕಾಲ್ ಸೆಂಟರಿಗೆ ಕರೆ ಮಾಡಬಹುದು. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಯಾವುದೇ ಸಿಂಪಡಣೆಯನ್ನು ಇಡೀ ತೋಟಕ್ಕೆ ಒಮ್ಮೆಲೇ ಮಾಡಬೇಡಿ. ಮೊದಲು ನಾಲ್ಕು ಗಿಡಕ್ಕೆ ಹೊಡೆದು ಮೂರು ದಿನ ನೋಡಿ. ಆಮೇಲೆ ತೋಟಕ್ಕೆ ಹೊಡೆದಾಗಲೂ ಎರಡು ಸಾಲು ಹಾಗೇ ಬಿಡಿ. ಬಿಟ್ಟ ಸಾಲಿಗೂ ಹೊಡೆದ ಸಾಲಿಗೂ ವ್ಯತ್ಯಾಸ ಕಾಣದಿದ್ದರೆ ಮುಂದಿನ ವರ್ಷ ಆ ದುಡ್ಡು ಉಳಿಯಿತು.

ತೆರಕಣಾಂಬಿ ಕಡೆಯ ಆ ತೋಟದಲ್ಲಿ ಬಾಳೆ ಸಾಯಲಿಲ್ಲ. ಸುಟ್ಟ ಎಲೆ ಕತ್ತರಿಸಿ ಬುಡಕ್ಕೇ ಹೊದಿಸಿದರು, ಮಳೆ ಬಂದ ಮೇಲೆ ಹೊಸ ಎಲೆ ಬಿಟ್ಟಿತು. ಗೊನೆ ಸಣ್ಣದಾಯಿತು, ತಡವಾಯಿತು. ಆರು ಸಾವಿರದ ಸಾಲವನ್ನು ಅವರು ತೀರಿಸಿದ್ದು ಬಾಳೆಯಿಂದಲ್ಲ, ಹಸುವಿನ ಹಾಲಿನಿಂದ. ಅದರ ಮುಂದಿನ ಬೇಸಿಗೆಯಲ್ಲಿ ನಾವು ಹೋದಾಗ ಅವರ ಮನೆಯ ಹಿಂದೆ ಹುಣಸೆ ಮರದ ನೆರಳಲ್ಲಿ ನೀಲಿ ಡ್ರಮ್ ಒಂದನ್ನು ಗೋಣಿಚೀಲ ಮುಚ್ಚಿ ಇಟ್ಟಿದ್ದರು. "ಬೆಳಿಗ್ಗೆ ಆರಕ್ಕೆ ಬನ್ನಿ ಸಿಸ್ಟರ್, ಎರಡು ಸಾಲು ಬುಟ್ಟು ಹೊಡೀತಿವಿ" ಎಂದರು.